ಪಾಕೀಟಿನಾಗ ಇರೋದು ಸೇಂದಿ ಅಲ್ಲ

ಟಿವ್ಯಾಗ ಬ್ರೌನ್ ಶುಗರ್ ಸಿಕ್ತು, ಹೆರಾಯಿನ್ ಸಿಕ್ತು ಅಂತ ತೋರಿಸಿದ್ರ ನಾವು 'ಎವ್ವಾ, ಅದು ಬೆಂಗಳೂರು, ಮುಂಬೈ ಮಂದಿ ಚಟ, ನಮ್ಮ ಸಗರನಾಡಿಗೆ ಎಲ್ಲಿ ಬರ್ತದ' ಅಂದು ಚಾನಲ್ ತಿರುಗಿಸ್ತೀವಿ. ನಮ್ಮ ಕಡಿ ಪುಡಿ ಬ್ಯಾರೆ ಹೆಸರಿಲೇ ಬರ್ತದ ಅಕ್ಕಾರೆ. ಸೇಂದಿ ಅಂತ.

ಈಚಲ ಗಿಡದಿಂದ ಮುಂಜಾನಿ ಇಳಿಸಿದ ಸೇಂದಿ ಸಂಜಿಗೆ ಹುಳಿ ಆಗ್ತದ, ಇಟ್ಟರ ನಿಲ್ಲಂಗಿಲ್ಲ. 2004ರಾಗ ಸರ್ಕಾರ ನಮ್ಮ ಕಡಿ ಸೇಂದಿ ಬಂದ್ ಮಾಡ್ತು. ಗಿಡ ಹತ್ತಾವ್ರೂ ಕಡಿಮಿ, ಗಿಡಾನೂ ಕಡಿಮಿ. ಹಂಗಿದ್ರೂ ಕದ್ದು ಮಾರೋ ಪಾಕೀಟು ಹನ್ನೆರಡು ತಿಂಗಳೂ ಸಿಗ್ತದ. ಅದು ಎಲ್ಲಿಂದ ಬಂತು ಅಂತ ಯಾರೂ ಕೇಳಂಗಿಲ್ಲ. ನೀರು, ಸಿಹಿಗೆ ಸ್ಯಾಕ್ರಿನ್, ನಶೆಕ್ಕ ಸಿಎಚ್ ಪೌಡರ್, ಇಷ್ಟೇ. ಸಿಎಚ್ ಅಂದ್ರ ಕ್ಲೋರಲ್ ಹೈಡ್ರೇಟ್. 1869ರಾಗ ನಿದ್ದಿ ಔಷಧ ಅಂತ ಬಂದದ್ದು, ಈಗ ಡಾಕ್ಟರ್ರೇ ಬಹುತೇಕ ಕೈಬಿಟ್ಟಾರ. ಕೆಲವು ಕಡಿ ಅಲ್ಪ್ರಾಜೋಲಂ ಅನ್ನೋ ಗುಳಿಗಿ ಪುಡಿ ಹಾಕ್ತಾರ. ಕಲಸೋನಿಗೆ ಅಳತಿ ಗೊತ್ತಿರಲ್ಲ. ಹೆಚ್ಚಾದ್ರ ಉಸಿರು ನಿಂತು ಹೋಗ್ತದ, ಎದಿ ಬಡಿತ ತಪ್ತದ. ಅದರ ಮ್ಯಾಲ ಸರಾಯಿ ಕುಡದ್ರಂತೂ ಕೇಳಬ್ಯಾಡ್ರಿ.

ಗಂಡಸರಷ್ಟೇ ಅಲ್ಲ. ಹತ್ತಿ ಬಿಡಿಸಿ, ನಾಟಿ ಹಚ್ಚಿ ಬಂದ ಹೆಣ್ಮಕ್ಕಳೂ ಮೈಕೈ ನೋವಿಗೆ ಅಂತ ಕುಡೀತಾರ. 'ತಂಪದ, ಏನಾಗಲ್ಲ' ಅಂತ ಕೂಸಿನ ಬಾಯಿಗೂ ಒಂದು ಗುಟುಕು ಹಾಕೋರು ಅದಾರ. ಹೈದರಾಬಾದಿಗೆ ದುಡಿಯಾಕ ಹೋದವರು ಅಲ್ಲಿನ ಕಳ್ಳಿನ ಚಟ ಕಟಗೊಂಡು ಬರ್ತಾರ. 2025ರ ಜುಲೈದಾಗ ಅದೇ ಊರಿನ ಕೂಕಟಪಲ್ಲಿ ಕಡಿ ಕಲಬೆರಕಿ ಕಳ್ಳು ಕುಡ್ದು ಮಂದಿ ಸತ್ತರು, ಎಷ್ಟೋ ಮಂದಿದು ಕಿಡ್ನಿ ಕೆಟ್ಟವು.

ಇದೆಲ್ಲಾ ಕೇಳಿದ ಮ್ಯಾಲ ನಾವು ಏನಂತೀವಿ? 'ಅಂಗಡಿ ಮುಚ್ಚಿಸ್ರಿ, ಖೋಲ್ಯಾಗ ಹಾಕಿ ಚಿಲಕ ಹಾಕ್ರಿ, ನಾಕು ದಿನಕ್ಕ ತಾನೇ ಬಿಡ್ತಾನ.' ಇದನ್ನ ನಾ ಒಪ್ಪಂಗಿಲ್ಲ. ಮಾರೋದು ಬಂದಾಗಲೇಬೇಕು, ಖರೇ. ಆದ್ರ ದಿನಾ ಕುಡಿಯೋನಿಗೆ ಈ ಪುಡಿ ಒಮ್ಮಿಗೇ ತಪ್ಪಿದ್ರ ಜೀವಕ್ಕೇ ಬರ್ತದ. 2015ರ ಸೆಪ್ಟೆಂಬರ್‌ದಾಗ ತೆಲಂಗಾಣದಾಗ ಕಲಬೆರಕಿ ಕಳ್ಳಿನ ಮ್ಯಾಲ ದಾಳಿ ಆತು. ನಮ್ಮ ಗುರುಮಠಕಲ್‌ಗೆ ಹತ್ತಿದ ಮೆಹಬೂಬನಗರ, ಅತ್ತ ನಿಜಾಮಾಬಾದ್ ಕಡಿ ನೂರಾರು ಮಂದಿ ಹುಚ್ಚರಂಗ ಆಡಿ, ಫಿಟ್ಸ್ ಬಂದು ದವಾಖಾನಿ ಸೇರಿದ್ರು. ಕೆಲವರು ಸತ್ತರು. ಅವರು ಕುಡ್ದು ಬಿದ್ದವರಲ್ಲ, ಕುಡಿಯಾಕ ಸಿಗದವರು.

ನಮ್ಮ ಓಣ್ಯಾಗೂ ಒಬ್ಬಾಕಿ ಗಂಡನ್ನ ಹಂಗೇ ಕೂಡಿ ಹಾಕಿದ್ಳು. ಮೂರನೇ ದಿನಕ್ಕ ಕೈ ಥರಥರ ನಡುಗ್ತಿದ್ವು, ಗ್ವಾಡಿ ಮ್ಯಾಲ ಹುಳ ಅದಾವ ಅಂತ ಉಗುರಿಲೇ ಕೆರೀತಿದ್ದ. ಗಾಳಿ ಬಡದದ ಅಂತ ಹಿರೇರು ನಿಂಬಿಹಣ್ಣು ಇಳಿಸಿದ್ರು. ಫಿಟ್ಸ್ ಬಂದ ಮ್ಯಾಲ ಟಂಟಂದಾಗ ಹಾಕೊಂಡು ದವಾಖಾನಿಗೆ ಓಡಿದ್ರು, ಉಳದ. ಆಕಿ ಮಾಡಿದ್ದು ಪ್ರೀತಿಲೇ. ಯಾರೂ ಆಕಿಗೆ ಮೊದಲೇ ಹೇಳಿರಲಿಲ್ಲ, ಅಷ್ಟೇ.

ಅದಕ್ಕ, ಬಿಡಸೋದಿದ್ರ ಡಾಕ್ಟರ್ ಕೈಯಾಗ ಬಿಡಸ್ರಿ. ಅವರು ಔಷಧ ಕೊಟ್ಟು, ದಿನಾ ಸ್ವಲ್ಪ ಸ್ವಲ್ಪ ಕಡಿಮಿ ಮಾಡ್ತಾ ಬಿಡಸ್ತಾರ. ಮಾನಸಿಕ ಡಾಕ್ಟರ್ ತಾಲ್ಲೂಕ ದವಾಖಾನಿಗೆ ಯಾವ ವಾರ ಬರ್ತಾರ ಅಂತ ಆಶಾ ಅಕ್ಕಾರ್ನ ಕೇಳ್ರಿ. 14446ಕ್ಕ ಫೋನ್ ಹಚ್ಚಿದ್ರ ಚಟ ಬಿಡಸೋ ಬಗ್ಗೆ ಹೇಳ್ತಾರ, ರೊಕ್ಕ ಬೀಳಂಗಿಲ್ಲ. ನಡುಕ, ಫಿಟ್ಸ್, ಇಲ್ಲದ್ದು ಕಾಣೋದು ಸುರು ಆತು ಅಂದ್ರ ತಡಾ ಮಾಡದೆ 108.

ಇನ್ನ ಕುಡಿಯೋಕಿ ಮನಿ ಸೊಸಿನೋ ಅತ್ತಿನೋ ಆಗಿದ್ರ ಮರ್ಯಾದಿ ಅಂತ ಮುಚ್ಚಿಡ್ತೀವಲ್ಲ, ಡಾಕ್ಟರ್ ಮುಂದರ ಬಾಯಿ ಬಿಡ್ರಿ. ಇಲ್ಲಂದ್ರ ಅಶಕ್ತಿ ಅಂತ ಒಂದು ಸಲಾಯಿನ್ ಏರಿಸಿ ಮನಿಗೆ ಕಳಸ್ತಾರ, ರಾತ್ರಿ ಮನ್ಯಾಗ ಫಿಟ್ಸ್ ಬರ್ತದ.