ಸಂಬಳದ ಲೆಕ್ಕ ಯಾರ ಕೈಗೆ?

ಹನುಮಂತನಗರದ ಐವತ್ತು ಅಡಿ ರಸ್ತೆಗೆ ಸೇರುವ ಬೀದಿಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕಗಳಿಂದ ಶುರುವಾದ ಕೆಲಸ ಈಗ ಶಾಲೆಗಳ ನೋಟ್ ಪುಸ್ತಕ, ಔಷಧದ ಪೊಟ್ಟಣಗಳವರೆಗೆ ಬೆಳೆದಿದೆ. ಹದಿನೆಂಟು ಮಂದಿ ದುಡಿಯುತ್ತಿದ್ದ ಜಾಗದಲ್ಲಿ ಈ ವರ್ಷ ಇಪ್ಪತ್ತೆರಡು ಮಂದಿಯಾಗಿದ್ದಾರೆ. ಕಳೆದ ಭಾನುವಾರ ಸಂಜೆ ಅವನು ಮಗನನ್ನು ಕರೆದುಕೊಂಡು ಮನೆಗೆ ಬಂದ. ಮಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾನೆ. ದಾರಿಯುದ್ದಕ್ಕೂ ಜಗಳವಾಡಿಕೊಂಡು ಬಂದಿದ್ದಾರೆಂದು ಇಬ್ಬರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

“ಮೇಷ್ಟ್ರೇ, ನೀವೇ ಹೇಳಿ. ಎರಡು ಬೀದಿ ಆಚೆ ಇರೋ ಕನ್ಸಲ್ಟೆಂಟ್ ಇಷ್ಟು ವರ್ಷ ನಮ್ಮ ಇ.ಎಸ್.ಐ. ಲೆಕ್ಕ ನೋಡ್ತಿದ್ದಾರೆ. ಈಗ ಪಿ.ಎಫ್. ಕೂಡ ಶುರುವಾಗಬೇಕು. ಅವರನ್ನ ಬಿಟ್ಟು ಮುಖಾನೇ ನೋಡದ ಕಂಪನಿಗೆ ಕೊಡು ಅಂತಾನೆ ಇವನು.”

“ಸರ್, ಅವರ ಹತ್ತಿರ ಇರೋದು ಒಂದು ಕಂಪ್ಯೂಟರ್, ಒಬ್ಬ ಹುಡುಗ. ಎಲ್ಲ ರಾಜ್ಯದಲ್ಲೂ ಇರೋ ಕಂಪನಿಗೆ ಕೊಟ್ಟರೆ ಸಂಬಳದ ಚೀಟಿಯಿಂದ ತೆರಿಗೆವರೆಗೆ ಎಲ್ಲ ಮೊಬೈಲ್‌ನಲ್ಲೇ ಬರುತ್ತೆ. ಅಪ್ಪ ಕೇಳೋದೇ ಇಲ್ಲ.”

ಈ ಜಗಳ ಒಂದು ಮನೆಯದಲ್ಲ. ಸಣ್ಣ ಉದ್ಯಮ ನಡೆಸುವ ಪೋಷಕರು ನಮ್ಮ ಓದುಗರಲ್ಲಿ ಬಹಳ ಮಂದಿ ಇದ್ದಾರೆ. ಓದು ಮುಗಿಸಿ ಇಂಥ ಉದ್ಯಮಗಳಲ್ಲಿ ಮೊದಲ ಸಂಬಳ ಎಣಿಸಲಿರುವ ಮಕ್ಕಳಂತೂ ಇನ್ನೂ ಹೆಚ್ಚು. ಸಂಬಳದ ಲೆಕ್ಕ ಯಾರ ಕೈಯಲ್ಲಿದೆ ಎಂಬುದು ಇಬ್ಬರಿಗೂ ಮುಖ್ಯವಾದ ವಿಷಯ.

ಇಪ್ಪತ್ತರ ಗಡಿ

ಕೆಲಸಗಾರರ ಸಂಖ್ಯೆ ಹತ್ತಾದರೆ ನೌಕರರ ರಾಜ್ಯ ವಿಮೆ, ಇಪ್ಪತ್ತಾದರೆ ಭವಿಷ್ಯನಿಧಿ ಅನ್ವಯವಾಗುತ್ತದೆ. ಮುದ್ರಣಾಲಯದವನ ತಲೆನೋವು ಶುರುವಾದದ್ದು ಇಲ್ಲೇ. 2014ರ ಸೆಪ್ಟೆಂಬರಿನಲ್ಲಿ ನಿಗದಿಯಾದ 15,000 ರೂ. ಮಿತಿಯಂತೆ ಲೆಕ್ಕ ಹಾಕೋಣ. ಶೇಕಡಾ 12ರಂತೆ ನೌಕರನ ಪಾಲು 1,800 ರೂ., ಮಾಲೀಕನ ಪಾಲು ಮತ್ತೆ 1,800 ರೂ. ಮಾಲೀಕನ ಪಾಲಿನಲ್ಲಿ 1,250 ರೂ. ಪಿಂಚಣಿಗೆ ಹೋಗುತ್ತದೆ, ಉಳಿದ 550 ರೂ. ಭವಿಷ್ಯನಿಧಿಗೆ ಸೇರುತ್ತದೆ. ಇಪ್ಪತ್ತೆರಡು ಮಂದಿಗೆ ತಿಂಗಳಿಗೆ 79,200 ರೂ. ಆಯಿತು. ವಿಮೆಯ ಕಂತು, ಆಡಳಿತ ವೆಚ್ಚ ಬೇರೆ. ಇದೆಲ್ಲ ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಸಂದಾಯವಾಗಬೇಕು. ತಡವಾದರೆ ಬಡ್ಡಿ, ದಂಡ ಎರಡೂ ಬೀಳುತ್ತವೆ.

ಹಾಜರಿ ನೋಡಿ ಸಂಬಳ ಕಟ್ಟುವುದು, ಮುರಿತಗಳನ್ನು ಲೆಕ್ಕ ಹಾಕುವುದು, ಚಲನ್ ತಯಾರಿಸುವುದು, ಸಂಬಳದ ಚೀಟಿ ಕೊಡುವುದು, ಬಿಟ್ಟುಹೋದವರ ಬಾಕಿ ತೀರಿಸುವುದು - ಇವಿಷ್ಟನ್ನೂ ಹೊರಗಿನವರಿಗೆ ವಹಿಸಬಹುದು. ವಹಿಸುವಾಗ ಎದುರಾಗುವ ಪ್ರಶ್ನೆಯೇ ಊರಿನವರೋ, ದೇಶಕ್ಕೆಲ್ಲ ಸೇವೆ ಕೊಡುವವರೋ ಎಂಬುದು.

‘ರಾಷ್ಟ್ರೀಯ’ ಎಂದಾಕ್ಷಣ ದೆಹಲಿ, ಮುಂಬಯಿ ಎಂದುಕೊಳ್ಳಬೇಕಾಗಿಲ್ಲ. ಟೀಮ್‌ಲೀಸ್, 2007ರಲ್ಲಿ ಆರಂಭವಾದ ಕ್ವೆಸ್ ಕಾರ್ಪ್, ‘ಗ್ರೇಟ್‌ಎಚ್‌ಆರ್’ ಎಂಬ ಸಂಬಳದ ತಂತ್ರಾಂಶ ಮಾಡುವ, 1994ರಲ್ಲಿ ಹುಟ್ಟಿದ ಗ್ರೇಟಿಪ್ - ಈ ಮೂರೂ ನಮ್ಮ ಬೆಂಗಳೂರಿನಲ್ಲೇ ನೆಲೆಯಾದ ಸಂಸ್ಥೆಗಳು. ಹೀಗಾಗಿ ವ್ಯತ್ಯಾಸವಿರುವುದು ಊರಿನಲ್ಲಲ್ಲ, ಕೆಲಸದ ರೀತಿಯಲ್ಲಿ.

ಇವರ ಬಲ, ಅವರ ಬಲ

ದೊಡ್ಡ ಸಂಸ್ಥೆಯ ಮೊದಲ ಬಲವೆಂದರೆ ಅದು ಒಬ್ಬ ವ್ಯಕ್ತಿಯ ಮೇಲೆ ನಿಂತಿಲ್ಲ. ಲೆಕ್ಕ ನೋಡುವವನಿಗೆ ಜ್ವರ ಬಂದರೆ ಇನ್ನೊಬ್ಬ ಕೂರುತ್ತಾನೆ. ಹೊಸೂರಿನಲ್ಲೋ ಹೈದರಾಬಾದಿನಲ್ಲೋ ಶಾಖೆ ತೆರೆದರೆ ಆ ರಾಜ್ಯದ ನಿಯಮವನ್ನೂ ಅವರೇ ನೋಡಿಕೊಳ್ಳುತ್ತಾರೆ. ನೌಕರ ತನ್ನ ಚೀಟಿಯನ್ನು ಯಾವಾಗ ಬೇಕಾದರೂ ತೆಗೆದು ನೋಡಬಹುದು.

ಊರಿನ ಕನ್ಸಲ್ಟೆಂಟ್‌ರ ಬಲ ಬೇರೆ ಬಗೆಯದು. ನಮ್ಮ ಹೆಸರುಗಳನ್ನೇ ತೆಗೆದುಕೊಳ್ಳಿ. ಶಾಲೆಯ ದಾಖಲೆಯಲ್ಲಿ ಊರಿನ ಹೆಸರು, ತಂದೆಯ ಹೆಸರಿನ ಮೊದಲಕ್ಷರ ಹೆಸರಿನ ಮುಂದಿರುತ್ತವೆ. ಆಧಾರ್‌ನಲ್ಲಿ ಅದೇ ಅಕ್ಷರ ಹಿಂದಕ್ಕೆ ಹೋಗಿರುತ್ತದೆ. ಬ್ಯಾಂಕಿನಲ್ಲಿ ಪೂರ್ತಿ ಬಿಡಿಸಿ ಬರೆದಿರುತ್ತಾರೆ. ಮೂರೂ ಹೊಂದದಿದ್ದರೆ ಪಿ.ಎಫ್. ಅರ್ಜಿ ತಿರಸ್ಕೃತವಾಗುತ್ತದೆ. ದೂರದ ಸೇವಾಕೇಂದ್ರದಲ್ಲಿ ಕುಳಿತವರಿಗೆ ‘ಮನೆತನದ ಹೆಸರಿಲ್ಲದ ಮನುಷ್ಯ’ ಒಂದು ಸಮಸ್ಯೆಯಾಗಿ ಕಾಣುತ್ತಾನೆ. ಬೈಂಡಿಂಗ್ ವಿಭಾಗದ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು, ಯಾವ ದಾಖಲೆ ತಿದ್ದಿಸಬೇಕೆಂದು ಕನ್ನಡದಲ್ಲಿ ತಿಳಿಸಿ ಹೇಳುವ ಮನುಷ್ಯ ಬೇಕಾಗುವುದು ಇಂಥ ಕಡೆಯೇ.

ರಾಜ್ಯದ ನಿಯಮಗಳಿಗೂ ಇದೇ ಮಾತು. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ರೂ. ಮುಟ್ಟದವರಿಗೆ 2023ರ ಏಪ್ರಿಲ್‌ನಿಂದ ವೃತ್ತಿ ತೆರಿಗೆ ಇಲ್ಲ. ಅದರ ಮೇಲಿನವರಿಗೆ ತಿಂಗಳಿಗೆ 200 ರೂ. 2025ರಲ್ಲಾದ ತಿದ್ದುಪಡಿಯಂತೆ ಫೆಬ್ರುವರಿಯಲ್ಲಿ ಮಾತ್ರ 300 ರೂ. ಕಾರ್ಮಿಕ ಕಲ್ಯಾಣ ನಿಧಿಯ ವಂತಿಗೆ ವರ್ಷಕ್ಕೊಮ್ಮೆ. 1963ರ ರಾಜ್ಯ ಕಾಯ್ದೆಯಂತೆ ನವೆಂಬರ್ 1 ಕಡ್ಡಾಯ ರಜೆ. ದೇಶಕ್ಕೆಲ್ಲ ಒಂದೇ ಅಚ್ಚಿನ ರಜಾಪಟ್ಟಿ ಬಳಸುವವರ ಕಣ್ಣಿಗೆ ರಾಜ್ಯೋತ್ಸವ ಬೀಳದೇ ಹೋಗಬಹುದು. ಅಂದು ದುಡಿದವರಿಗೆ ಕೊಡಬೇಕಾದ್ದೂ ಅದರೊಂದಿಗೇ ತಪ್ಪಿಹೋಗುತ್ತದೆ.

ಹಾಗಾದರೆ ತಂದೆಯ ಮಾತೇ ಸರಿಯೇ? ನಿಲ್ಲಿ, ಇನ್ನೊಂದು ಮುಖವೂ ಇದೆ.

ಹನ್ನೊಂದು ತಿಂಗಳು

ನನ್ನ ಸಂಬಂಧಿಕ ಹೆಣ್ಣುಮಗಳೊಬ್ಬಳು ಸಣ್ಣ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಳು. ಪ್ರತಿ ತಿಂಗಳ ಚೀಟಿಯಲ್ಲೂ ‘ಪಿ.ಎಫ್. 1,800’ ಎಂದು ಅಚ್ಚಾಗಿ ಬರುತ್ತಿತ್ತು. ಗಂಡನಿಗೆ ಶಸ್ತ್ರಚಿಕಿತ್ಸೆ ಆಗಬೇಕಾದಾಗ ಮುಂಗಡ ಪಡೆಯಲೆಂದು ಪಾಸ್‌ಬುಕ್ ತೆರೆದು ನೋಡಿದರೆ ಹನ್ನೊಂದು ತಿಂಗಳಿಂದ ಒಂದು ಕಾಸೂ ಜಮೆಯಾಗಿರಲಿಲ್ಲ. ಅವಳ ಪಾಲೇ 19,800 ರೂ. ಮಾಲೀಕರು “ನಾವು ಕನ್ಸಲ್ಟೆಂಟ್‌ಗೆ ಕೊಟ್ಟಿದ್ದೇವೆ” ಎಂದರು. ಅವರು “ನನಗೆ ಹಣ ಬಂದೇ ಇಲ್ಲ” ಎಂದರು. ಹಣ ಕೊನೆಗೆ ಬಂತು, ಆದರೆ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಬರಲಿಲ್ಲ. ಕೈಯ ಬಳೆ ಅಡವಿಟ್ಟು ಆಸ್ಪತ್ರೆಯ ಬಿಲ್ ಕಟ್ಟಿದಳು. ಚೀಟಿಯಲ್ಲಿ ಮುರಿದದ್ದಕ್ಕೂ ಖಾತೆಯಲ್ಲಿ ಜಮೆಯಾದದ್ದಕ್ಕೂ ಎಷ್ಟು ದೂರವಿರಬಹುದೆಂದು ನನಗೆ ಅಂದು ಗೊತ್ತಾಯಿತು.

ಇದನ್ನು ಕೇಳಿ ಮಗ “ನೋಡಿ ಸರ್, ನಾನು ಹೇಳಿದ್ದೂ ಅದೇ” ಎಂದ. ಅವನಿಗೆ ಕೋಲಾರ ಜಿಲ್ಲೆಯ ನರಸಾಪುರದ ಕಥೆ ನೆನಪಿಸಿದೆ.

ಅಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸುತ್ತಿತ್ತು. ಕಾರ್ಮಿಕರಲ್ಲಿ ಹೆಚ್ಚಿನವರು ಸಿಬ್ಬಂದಿ ಪೂರೈಸುವ ಏಜೆನ್ಸಿಗಳ ಮೂಲಕ ಬಂದವರು. 2020ರ ಡಿಸೆಂಬರ್ 12ರ ಬೆಳಗ್ಗೆ ಪಾಳಿ ಮುಗಿಯುವ ಹೊತ್ತಿಗೆ ಸಂಬಳದ ಸಿಟ್ಟು ಒಡೆದು ಕಾರ್ಖಾನೆಯೇ ಧ್ವಂಸವಾಯಿತು. ಕಲ್ಲು ತೂರಿದ್ದು ಸರಿಯೆಂದು ಯಾರೂ ಹೇಳಲಾರರು. ಆದರೆ ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ ದುಪ್ಪಟ್ಟಾದಾಗ ಹಾಜರಿ ಮತ್ತು ಸಂಬಳದ ವ್ಯವಸ್ಥೆ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲವೆಂದು ರಾಜ್ಯದ ಕಾರ್ಖಾನೆಗಳ ಇಲಾಖೆಯ ತಪಾಸಣೆ ಕಂಡುಕೊಂಡಿತು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಿಕ್ಕಿರಲಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ತಪ್ಪು ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದು ಆಪಲ್ ಹೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈ ಸೇರಿತು. ಇಷ್ಟು ದೊಡ್ಡ ಹೆಸರುಗಳಿದ್ದ ಕಡೆಯೇ ಹೀಗಾಯಿತು.

ಎರಡೂ ಕಡೆ ತಪ್ಪಿದ್ದು ಒಂದೇ. ಕೆಲಸ ಹೊರಗೆ ಕೊಟ್ಟವರು ಅದು ಆಯಿತೇ ಎಂದು ನೋಡಲಿಲ್ಲ. ಲೆಕ್ಕವನ್ನು ಹೊರಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು. ಕಾನೂನೂ ಹೀಗೆಯೇ ಹೇಳುತ್ತದೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೊಡಬೇಕಾದವನು ಕೆಲಸ ಮಾಡಿಸಿಕೊಂಡ ಮೂಲ ಮಾಲೀಕ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲೂ ಈ ಮಾತು ಉಳಿದಿದೆ. ಎಲ್ಲ ನೌಕರರಿಗೂ ನೇಮಕಾತಿ ಪತ್ರ, ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಸಂಬಳ, ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನಗಳೊಳಗೆ ಸಂಬಳದ ಬಾಕಿ - ಇವೂ ಅದರಲ್ಲಿವೆ.

ಕೇಳಬೇಕಾದ ಪ್ರಶ್ನೆಗಳು

ಯಾರಿಗೇ ಕೊಡಿ, ಒಪ್ಪಂದಕ್ಕೆ ಮೊದಲು ಇಷ್ಟನ್ನು ಕೇಳಿ ಎಂದು ತಂದೆ ಮಗ ಇಬ್ಬರಿಗೂ ಬರೆದುಕೊಟ್ಟೆ.

1. ಪಿ.ಎಫ್., ಇ.ಎಸ್.ಐ. ಹಣ ನಮ್ಮ ಬ್ಯಾಂಕ್ ಖಾತೆಯಿಂದ ನೇರವಾಗಿ ಹೋಗುತ್ತದೆಯೇ, ನಿಮ್ಮ ಖಾತೆಯ ಮೂಲಕವೇ? ನೇರವಾಗಿ ಹೋಗುವುದೇ ಕ್ಷೇಮ.

2. ಚಲನ್ ಜೊತೆಗೆ ನೌಕರರ ಹೆಸರುವಾರು ಪಟ್ಟಿ ಪ್ರತಿ ತಿಂಗಳೂ ಕೊಡುತ್ತೀರಾ? ಒಟ್ಟು ಮೊತ್ತ ಕಟ್ಟಿ ಒಬ್ಬರ ಹೆಸರು ಬಿಟ್ಟುಹೋದರೆ ಚಲನ್ ನೋಡಿದಾಗ ತಿಳಿಯುವುದಿಲ್ಲ.

3. ಸರ್ಕಾರಿ ಜಾಲತಾಣಗಳ ಗುಪ್ತಪದ, ನೋಂದಾಯಿತ ಮೊಬೈಲ್ ಸಂಖ್ಯೆ, ಮಾಲೀಕನ ಡಿಜಿಟಲ್ ಸಹಿ ಯಾರ ಬಳಿ ಇರುತ್ತವೆ? ಕನ್ಸಲ್ಟೆಂಟ್‌ರ ಮೇಜಿನ ಡ್ರಾಯರ್‌ನಲ್ಲಿದ್ದರೆ ನಾಳೆ ಬೇರೆಯವರ ಬಳಿಗೆ ಹೋಗುವುದು ಕಷ್ಟ.

4. ನಿಮಗೆ ಕಾಯಿಲೆಯಾದರೆ 15ನೇ ತಾರೀಖಿನ ಕೆಲಸ ಯಾರು ಮಾಡುತ್ತಾರೆ? ಇದು ಸಣ್ಣವರಿಗೆ.

5. ನಮ್ಮ ನೌಕರ ಕನ್ನಡದಲ್ಲಿ ಫೋನ್ ಮಾಡಿದರೆ ಉತ್ತರಿಸುವ, ಹೆಸರು ಗೊತ್ತಿರುವ ಒಬ್ಬರು ಇದ್ದಾರೆಯೇ? ಇದು ದೊಡ್ಡವರಿಗೆ.

6. ನಿಮ್ಮ ತಪ್ಪಿನಿಂದ ದಂಡ ಬಿದ್ದರೆ ಯಾರು ಕಟ್ಟುತ್ತೀರಿ? ಉತ್ತರ ಬಾಯಿಮಾತಿನಲ್ಲಿ ಬೇಡ, ಒಪ್ಪಂದದಲ್ಲಿರಲಿ.

ನೌಕರರ ಆಧಾರ್, ಬ್ಯಾಂಕ್ ವಿವರಗಳೆಲ್ಲ ಇವರ ಕೈಗೆ ಹೋಗುತ್ತವೆ. ವಾಟ್ಸಾಪ್‌ನಲ್ಲಿ ಕಳಿಸಿಬಿಡಿ ಎನ್ನುವವರ ಬಗ್ಗೆ ಸ್ವಲ್ಪ ಎಚ್ಚರವಿರಲಿ.

ಮಕ್ಕಳಿಗೊಂದು ಮಾತು

ಮೊದಲ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರೇ, ನೇಮಕಾತಿ ಪತ್ರದ ಮೇಲೆ ಯಾರ ಹೆಸರಿದೆ ನೋಡಿ. ನೀವು ಕೆಲಸ ಮಾಡುವ ಕಂಪನಿಯದೋ, ಏಜೆನ್ಸಿಯದೋ? ಏಜೆನ್ಸಿಯದಾದರೆ ಅಂಜಬೇಕಿಲ್ಲ. ಆದರೆ ಸಂಬಳ, ರಜೆ, ಪಿ.ಎಫ್. ವಿಷಯದಲ್ಲಿ ಯಾರನ್ನು ಕೇಳಬೇಕೆಂದು ಮೊದಲ ದಿನವೇ ತಿಳಿದುಕೊಳ್ಳಿ. 2014ರಿಂದ ಪ್ರತಿ ಸದಸ್ಯರಿಗೂ ಹನ್ನೆರಡು ಅಂಕಿಯ ಯು.ಎ.ಎನ್. ಇದೆ. ಅದು ಜೀವನಪೂರ್ತಿ ಒಂದೇ. ಕೆಲಸ ಬದಲಾದಾಗ ಅದನ್ನೇ ಕೊಡಿ, ಹೊಸದು ಮಾಡಿಸಿಕೊಳ್ಳಬೇಡಿ. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಲು ಎರಡು ನಿಮಿಷ ಸಾಕು. ತಿಂಗಳ ಕೊನೆಯಲ್ಲೊಮ್ಮೆ ನೋಡುವ ಅಭ್ಯಾಸವಿರಲಿ. ಎರಡು ತಿಂಗಳು ಜಮೆಯಾಗದಿದ್ದರೆ ಬರವಣಿಗೆಯಲ್ಲಿ ಕೇಳಿ. ಉತ್ತರ ಬಾರದಿದ್ದರೆ ಭವಿಷ್ಯನಿಧಿ ಸಂಸ್ಥೆಯ ಜಾಲತಾಣದಲ್ಲಿ ದೂರು ಕೊಡಬಹುದು. ಸಂಬಳದ ಬಾಕಿಯ ವಿಷಯವಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನವಿದೆ.

ಪೋಷಕರು ‘ಕೈಗೆ ಎಷ್ಟು ಬರುತ್ತೆ?’ ಎಂದಷ್ಟೇ ಕೇಳಬೇಡಿ. ಮಗನ ಅಥವಾ ಮಗಳ ಚೀಟಿಯನ್ನು ಒಮ್ಮೆ ಜೊತೆಯಲ್ಲಿ ಕೂತು ಓದಿ. ಸೇವೆಯಲ್ಲಿರುವಾಗ ನೌಕರ ತೀರಿಕೊಂಡರೆ ಕುಟುಂಬಕ್ಕೆ 7 ಲಕ್ಷ ರೂ.ವರೆಗೆ ವಿಮೆ ಸಿಗುವುದೂ ಇದೇ ಭವಿಷ್ಯನಿಧಿಯ ಸದಸ್ಯತ್ವದಿಂದ. ನಾಮನಿರ್ದೇಶನ ತುಂಬಿದ್ದಾರೆಯೇ ಎಂದು ವಿಚಾರಿಸಿ.

ಇನ್ನು ನಮ್ಮ ಮುದ್ರಣಾಲಯದ ತೀರ್ಮಾನಕ್ಕೆ ಬರೋಣ. ಇಪ್ಪತ್ತೆರಡು ಮಂದಿ, ಒಂದೇ ಊರು, ಹೆಚ್ಚಿನವರಿಗೆ ದಾಖಲೆಯ ತೊಡಕು. ಸದ್ಯಕ್ಕೆ ಎರಡು ಬೀದಿ ಆಚೆಯವರೇ ಸಾಕು ಎಂದೆ. ನಾಳೆ ತಮಿಳುನಾಡಿನಲ್ಲಿ ಘಟಕ ತೆರೆದರೆ, ಸಂಖ್ಯೆ ನೂರು ದಾಟಿದರೆ ದೊಡ್ಡವರ ಬಾಗಿಲು ತಟ್ಟಬಹುದು. ಸಂಬಳದ ಚೀಟಿಗೆ ಒಳ್ಳೆಯ ತಂತ್ರಾಂಶ ಕೊಂಡು, ಕಚೇರಿ ಕೆಲಸಕ್ಕೆ ಊರಿನವರನ್ನೇ ಇಟ್ಟುಕೊಳ್ಳುವ ಮಧ್ಯದ ದಾರಿಯೂ ಇದೆ. ತಂದೆಯ ಮುಖ ಅರಳಿತು.

“ಆದರೆ ಒಂದು ಷರತ್ತು,” ಎಂದೆ. “ಗುಪ್ತಪದಗಳನ್ನೆಲ್ಲ ನಾಳೆಯೇ ವಾಪಸು ತರಬೇಕು. ಪ್ರತಿ ತಿಂಗಳು 16ನೇ ತಾರೀಖು ಇವನು ಚಲನ್ ಮತ್ತು ಹೆಸರಿನ ಪಟ್ಟಿ ಹಿಡಿದು ಇಪ್ಪತ್ತೆರಡು ಹೆಸರನ್ನೂ ಟಿಕ್ ಮಾಡಬೇಕು. ಬಿ.ಕಾಂ. ಓದಿದ್ದಕ್ಕೆ ಅಷ್ಟಾದರೂ ಮಾಡಲಿ.”

ಮೊನ್ನೆ 16ನೇ ತಾರೀಖು ಹುಡುಗ ಫೋನ್ ಮಾಡಿದ್ದ. ಪಟ್ಟಿಯಲ್ಲಿ ಇಪ್ಪತ್ತೊಂದೇ ಹೆಸರಿತ್ತಂತೆ. ಹೊಸದಾಗಿ ಸೇರಿದ ಬೈಂಡಿಂಗ್ ಹುಡುಗಿಯ ಆಧಾರ್‌ನಲ್ಲಿ ಹೆಸರು ಹಿಂದುಮುಂದಾಗಿತ್ತು. ಕನ್ಸಲ್ಟೆಂಟ್ ಅವಳನ್ನು ಸೋಮವಾರ ಬರಹೇಳಿದ್ದಾರೆ. ಜೊತೆಯಲ್ಲಿ ತಾನೂ ಹೋಗುತ್ತೇನೆಂದ.