ಬೆಟ್ಟದ ಮೇಲಣ ನಿಸ್ತಂತು ಹೆಣ್ಣುಮಕ್ಕಳಿಗೆ ತಕ್ಕದ್ದೋ?

ನಮ್ಮ ವಿಜ್ಞಾನ ಸಂಘದ ಬಾಲಿಕೆಯರನ್ನು ಹವ್ಯಾಸಿ ರೇಡಿಯೋ ಯಂತ್ರದೊಂದಿಗೆ ಬೆಟ್ಟಕ್ಕೆ ಕರೆದುಕೊಂಡು ಹೋಗುವ ವಿಷಯವಾಗಿ ಈ ವರ್ಷ ತಂದೆತಾಯಂದಿರಿಂದ ನಮಗೆ ಅನೇಕ ಕಾಗದಗಳು ಬಂದವು. ಕೆಲವರು ಹರ್ಷಪಟ್ಟರು. ಕೆಲವರು ಬಿಸಿಲು, ಹಾವು, ಕೋತಿಗಳ ಕಾಟ ಎಂದು ಆಕ್ಷೇಪಿಸಿದರು. ಇವಕ್ಕೆ ಸಮಾಧಾನ ಹೇಳುವದು ಕಷ್ಟವಲ್ಲ. ಆದರೆ ಒಂದು ಕಾಗದದಲ್ಲಿ, ಗುಡ್ಡ ಹತ್ತಿ ತಂತಿ ಕಟ್ಟುವದು ಗಂಡುಹುಡುಗರ ಕೆಲಸ, ನಮ್ಮ ಮಗಳಿಗೆ ಅದರಿಂದ ಆಗತಕ್ಕದ್ದೇನು ಎಂದು ಕೇಳಲಾಗಿತ್ತು. ಹೆಸರು ಕೊಟ್ಟಿದ್ದ ಕೆಲವು ಬಾಲಿಕೆಯರು ಆ ವಾರದಲ್ಲಿಯೇ ತಮ್ಮ ಹೆಸರುಗಳನ್ನು ಹಿಂದಕ್ಕೆ ತೆಗೆದುಕೊಂಡರು. ಅವರ ಮುಖಗಳನ್ನು ನೋಡಿದ ನಾವು ಈ ಪ್ರಶ್ನೆಗೆ ಬಹಿರಂಗವಾಗಿಯೇ ಉತ್ತರ ಕೊಡತಕ್ಕದ್ದೆಂದು ನಿಶ್ಚಯಿಸಿದೆವು.

ಹವ್ಯಾಸಿ ರೇಡಿಯೋ ಎಂಬದು ಆಟದ ಸಾಮಾನಲ್ಲ. ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವರೇ ಇದರಲ್ಲಿ ಮಾತಾಡಬಹುದು. ಈ ಪರೀಕ್ಷೆಗೆ 12 ವರ್ಷ ತುಂಬಿದ ಮಕ್ಕಳೂ ಕುಳಿತುಕೊಳ್ಳಬಹುದು. ತೇರ್ಗಡೆಯಾದವರಿಗೆ ಅವರದೇ ಆದ ಕರೆಸಂಕೇತವೊಂದು ದೊರೆಯುವದು. ನಮ್ಮ ದೇಶದ ಹವ್ಯಾಸಿಗಳದು 'ವಿಯು' ಎಂಬ ಎರಡಕ್ಷರಗಳಿಂದ ಆರಂಭವಾಗುತ್ತದೆ. ಹಣಕ್ಕಾಗಿ ಮಾತಾಡಕೂಡದು, ವ್ಯಾಪಾರದ ಸುದ್ದಿ ಕಳುಹಿಸಕೂಡದು.

ಇದಕ್ಕೆ ಬೆಟ್ಟವೇಕೆ? ಅತ್ಯುಚ್ಚ ಆವರ್ತನದ ತರಂಗಗಳು ಹೆಚ್ಚುಕಡಿಮೆ ಕಣ್ಣಿನ ದೃಷ್ಟಿಯಂತೆಯೇ ನೇರವಾಗಿ ಹೋಗುವವು. ಬಯಲಿನಲ್ಲಿ ನಿಂತ ಬಾಲಿಕೆಯ ಕಣ್ಣಿಗೆ ಭೂಮಿಯ ಅಂಚು ನಾಲ್ಕೂವರೆ ಕಿಲೋಮೀಟರುಗಳೊಳಗೇ ಮುಗಿದುಹೋಗುತ್ತದೆ. ಅವಳು ಸುತ್ತಣ ಬಯಲಿಗಿಂತ 400 ಮೀಟರು ಎತ್ತರವಾದ ಬೆಟ್ಟವನ್ನೇರಿದರೆ ಅದೇ ಅಂಚು 71 ಕಿಲೋಮೀಟರುಗಳಾಚೆಗೆ ಸರಿಯುವದು. ತರಂಗಗಳು ವಾಯುಮಂಡಲದಲ್ಲಿ ತುಸು ಬಾಗುವದರಿಂದ ರೇಡಿಯೋಗೆ ಇನ್ನೂ ಹತ್ತು ಕಿಲೋಮೀಟರು ಹೆಚ್ಚು ದೊರೆಯುವದು. ಇನ್ನೊಂದು ಬಗೆಯ ಹ್ರಸ್ವ ತರಂಗಗಳುಂಟು. ಅವು ಮೇಲಣ ಅಯಾನುಮಂಡಲಕ್ಕೆ ತಗಲಿ ಮರಳಿ ನೆಲಕ್ಕೆ ಬರುವದರಿಂದ ಬೇರೆ ರಾಜ್ಯಗಳನ್ನೂ ದೇಶಗಳನ್ನೂ ಮುಟ್ಟಬಲ್ಲವು. ಇವಕ್ಕೂ ಬೆಟ್ಟದ ತಲೆ ಒಳ್ಳೆಯದು, ಯಾಕಂದರೆ ಊರಿನ ವಿದ್ಯುತ್ತಿನ ಗದ್ದಲ ಅಲ್ಲಿ ಕಡಿಮೆ.

ಬಾಲಿಕೆಯರು ಕಟ್ಟುವ ಆಂಟೆನಾ ಒಂದು ಸಾಧಾರಣ ತಂತಿಯಷ್ಟೇ. ಆದರೆ ಅದರ ಉದ್ದವನ್ನು ಅವರೇ ಲೆಕ್ಕ ಹಾಕತಕ್ಕದ್ದು. 7 ಮೆಗಾಹರ್ಟ್ಸಿನ ತರಂಗದ ಉದ್ದ ಸುಮಾರು 43 ಮೀಟರು. ಅದರ ಅರ್ಧದಲ್ಲಿ ತುಸು ಕಳೆದರೆ 20 ಮೀಟರು ತಂತಿ ಬೇಕು. ಅಳತೆ ತಪ್ಪಿದರೆ ಶಕ್ತಿಯ ಒಂದು ಭಾಗವು ಹೊರಗೆ ಹೋಗದೆ ಯಂತ್ರಕ್ಕೇ ಹಿಂದಿರುಗುವದು, ಮಾಪಕದ ಮುಳ್ಳು ಅದನ್ನು ಕೂಡಲೇ ತೋರಿಸಿಕೊಡುವದು. ತರಗತಿಯಲ್ಲಿ ಭಾಗಾಕಾರವನ್ನು ತಪ್ಪು ಮಾಡಿ ನಕ್ಕುಬಿಡುವ ಹುಡುಗಿಯು ಇಲ್ಲಿ ಮಂಡಿಯೂರಿ ಕುಳಿತು ಮರಳಿ ಅಳೆಯುವದನ್ನು ನಾವು ಕಂಡಿದ್ದೇವೆ. ಇಂಥ ಪಾಠವನ್ನು ಕರಿಹಲಗೆಯ ಮುಂದೆ ಕಲಿಸುವ ಉಪಾಯ ನಮಗಂತೂ ತಿಳಿಯದು.

2002ನೇ ಇಸವಿಯ ಮಾರ್ಚಿಯಲ್ಲಿ ಬ್ರಿಟನ್ನಿನ ಹವ್ಯಾಸಿಗಳು ಶಿಖರಗಳಿಂದ ಮಾತಾಡುವ 'ಸೋಟಾ' ಎಂಬ ಕಾರ್ಯಕ್ರಮವನ್ನು ಆರಂಭಿಸಿದರು; ಅದು ಈಗ ಅನೇಕ ದೇಶಗಳಿಗೆ ಹಬ್ಬಿದೆ. ಅದರ ನಿಯಮಗಳು ನಮಗೆ ಬಹಳ ಹಿಡಿಸಿವೆ. ಕಡೆಯ ದಾರಿಯನ್ನು ವಾಹನದಲ್ಲಿ ಏರಕೂಡದು. ಯಂತ್ರ, ಬ್ಯಾಟರಿ, ಕಂಬಗಳೆಲ್ಲವನ್ನೂ ತಂಡದವರೇ ಹೊತ್ತು ತರತಕ್ಕದ್ದು. ಪೆಟ್ರೋಲಿನ ಜನರೇಟರು ಸಲ್ಲದು. ಶಿಖರಕ್ಕೆ ಅಂಕಗಳು ಸಲ್ಲಬೇಕಾದರೆ ಕಡಿಮೆಯೆಂದರೆ ನಾಲ್ಕು ಬೇರೆ ಬೇರೆ ನಿಲ್ದಾಣಗಳೊಡನೆ ಮಾತು ನಡೆಯಬೇಕು. ಮೂವರು ಬೇಗನೆ ಸಿಕ್ಕಿ, ನಾಲ್ಕನೆಯವರಿಗಾಗಿ ಬಿಸಿಲಿನಲ್ಲಿ ಒಂದು ತಾಸು ಕರೆಯುತ್ತಾ ಕುಳಿತಿರುವ ಬಾಲಿಕೆಯ ತಾಳ್ಮೆಯು ಎಂಥದೆಂದು ತಾಯಂದಿರು ಒಮ್ಮೆ ಬಂದು ನೋಡಲಿ.

ಅವಳ ಯಂತ್ರದ ಶಕ್ತಿ ಐದು ವಾಟು, ಮನೆಯ ಸಣ್ಣ ದೀಪಕ್ಕಿಂತಲೂ ಕಡಿಮೆ. ಆದದರಿಂದ ಮೊದಲು ಬಹಳ ಹೊತ್ತು ಕೇಳಬೇಕು. ಒಬ್ಬರು ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕಕೂಡದು. ತನ್ನ ಸರದಿ ಬಂದಾಗ ಅಕ್ಷರ ಅಕ್ಷರವಾಗಿ ಸ್ಪಷ್ಟವಾಗಿ ಹೇಳಬೇಕು. ನಮ್ಮ ಹೆಣ್ಣುಮಕ್ಕಳಿಗೆ ಮೆಲ್ಲಗೆ ಮಾತಾಡೆಂದು ಹೇಳಿಕೊಡುವವರು ಮನೆಯಲ್ಲಿಯೂ ಬೀದಿಯಲ್ಲಿಯೂ ಬೇಕಾದಷ್ಟು ಮಂದಿ ಉಂಟು. ಕಾಣದ ಊರಿನ ಅಪರಿಚಿತರೊಬ್ಬರು, ನಿಮ್ಮ ಸಂಕೇತ ತಿಳಿಯಲಿಲ್ಲ, ದಯವಿಟ್ಟು ಮತ್ತೆ ಹೇಳಿರಿ ಎಂದು ಗೌರವದಿಂದ ಕೇಳುವದು ಅವಳಿಗೆ ಹೊಸದು. ಅಲ್ಲಿ ಅವಳ ಉಡುಗೆಯನ್ನೂ ಜಾತಿಯನ್ನೂ ತಂದೆಯ ಸಂಬಳವನ್ನೂ ಯಾರೂ ವಿಚಾರಿಸುವದಿಲ್ಲ. ಈ ಹವ್ಯಾಸಿಗಳ ರೂಢಿಯಲ್ಲಿ ಸ್ತ್ರೀಯರೆಲ್ಲರೂ, ಎಷ್ಟು ವಯಸ್ಸಾದವರಾದರೂ, 'ತರುಣಿ' ಎಂಬರ್ಥದ ಎರಡಕ್ಷರಗಳಿಂದಲೇ ಕರೆಯಲ್ಪಡುವರು. ನಲವತ್ತು ದಾಟಿದ ನಮಗೆ ಇದರಲ್ಲಿ ಆಕ್ಷೇಪಣೆಯೇನೂ ಇಲ್ಲ.

ಕೈಯಲ್ಲಿ ಮೊಬೈಲು ಇರುವಾಗ ಇಷ್ಟೆಲ್ಲಾ ಶ್ರಮವೇಕೆಂದು ಕೇಳುವವರುಂಟು. ಮೊಬೈಲು ಗೋಪುರವನ್ನೂ, ಗೋಪುರವು ವಿದ್ಯುತ್ತನ್ನೂ ನಂಬಿಕೊಂಡಿದೆ. 2004ರ ಡಿಸೆಂಬರದಲ್ಲಿ ಭಾರತಿ ಪ್ರಸಾದ್ ಎಂಬ ಸ್ತ್ರೀಯು ಹವ್ಯಾಸಿಗಳ ಒಂದು ತಂಡದ ಮುಂದಾಳಾಗಿ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿದ್ದರು. ಅವರು ಹೋದದ್ದು ಕೇವಲ ದೂರದೂರದವರೊಡನೆ ಮಾತಾಡುವ ಹವ್ಯಾಸಕ್ಕಾಗಿ. 26ನೇ ತಾರೀಖು ಸುನಾಮಿ ಬಂದು ಸಂಪರ್ಕಗಳು ಕಡಿದುಹೋದಾಗ, ಅದೇ ಯಂತ್ರಗಳಿಂದ ದ್ವೀಪಗಳ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದರು. ತಂಡದವರು ಕಾರ್ ನಿಕೋಬಾರಿಗೂ ಯಂತ್ರವನ್ನೊಯ್ದರು. ಬ್ಯಾಟರಿಯಿಂದ ಯಂತ್ರ ನಡೆಯಿಸುವದನ್ನೂ ಸಿಕ್ಕಿದ ಸ್ಥಳದಲ್ಲಿ ತಂತಿ ಕಟ್ಟುವದನ್ನೂ ಆಪತ್ತು ಬಂದ ದಿನ ಕಲಿಯಲಾಗದು. ಗಂಡುಹುಡುಗರ ಕೆಲಸವೆಂದು ಬರೆದವರು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಬೇಡುತ್ತೇವೆ.

ಅಪಾಯವೇ ಇಲ್ಲವೆಂದು ನಾವು ಹೇಳುವದಿಲ್ಲ. ಬೋಳುಬೆಟ್ಟದ ಮೇಲೆ ನಿಲ್ಲಿಸಿದ ಕಂಬವು ಸಿಡಿಲಿಗೆ ಆಮಂತ್ರಣವಿದ್ದಂತೆ. ದೂರದಲ್ಲಿ ಗುಡುಗು ಕೇಳಿಸಿದೊಡನೆಯೇ ಮಾತು ಅರ್ಧದಲ್ಲಿದ್ದರೂ ನಿಲ್ಲಿಸಿ ಕೆಳಗಿಳಿಯತಕ್ಕದ್ದೆಂಬ ನಮ್ಮ ನಿಯಮಕ್ಕೆ ವಿನಾಯಿತಿಯಿಲ್ಲ. ಮಳೆಗಾಲದಲ್ಲಿಯೂ ಏಪ್ರಿಲು ಮೇ ತಿಂಗಳುಗಳ ಮಧ್ಯಾಹ್ನಗಳಲ್ಲಿಯೂ ಹೋಗುವದೇ ಇಲ್ಲ. ಅರಣ್ಯ ಇಲಾಖೆಯ ಅಪ್ಪಣೆ ಬೇಕಾದಲ್ಲಿ ಅದನ್ನೂ, ಊರು ಬಿಟ್ಟು ಯಂತ್ರವನ್ನು ಬಳಸಲು ಪರವಾನಗಿಯ ಷರತ್ತಿನಂತೆ ಬೇಕಾದುದನ್ನೂ ಮೊದಲೇ ಪಡೆಯುತ್ತೇವೆ. ಪರವಾನಗಿ ಇಲ್ಲದ ಬಾಲಿಕೆಯರು ತಂತಿ ಕಟ್ಟುವದು, ಲೆಕ್ಕ, ದಾಖಲೆಪುಸ್ತಕಗಳನ್ನು ನೋಡಿಕೊಳ್ಳುವರು.

ಮುಂದಿನ ಪ್ರಯಾಣವು ಡಿಸೆಂಬರಿನಲ್ಲಿ ನಡೆಯುವದು. ಇಬ್ಬರು ಉಪಾಧ್ಯಾಯಿನಿಯರು ಜೊತೆಗಿರುವರು. ಸಂಜೆ ಐದಕ್ಕೆ ಮೊದಲು ಎಲ್ಲರೂ ಶಾಲೆಗೆ ಮರಳುವರು. ಪರವಾನಗಿಯುಳ್ಳ ಹಳೆಯ ವಿದ್ಯಾರ್ಥಿನಿಯರು ಬರುವದಾದರೆ ಬಹಳ ಉಪಕಾರವಾಗುವದು. ಬರಲಾಗದವರು ತಮ್ಮ ಮನೆಗಳಿಂದಲೇ ಆ ದಿನ ಕಿವಿಗೊಟ್ಟು ನಮ್ಮ ಬಾಲಿಕೆಯರಿಗೆ ಉತ್ತರ ಕೊಡಲಿ. ಹೆಸರು ಹಿಂದಕ್ಕೆ ತೆಗೆದುಕೊಂಡವರ ಸ್ಥಳಗಳನ್ನು ನಾವು ಬೇರೆಯವರಿಗೆ ಕೊಟ್ಟಿಲ್ಲ. ಒಪ್ಪಿಗೆಯ ಕಾಗದವು ನವೆಂಬರ್ 30ರೊಳಗೆ ಶಾಲೆಯ ಕಚೇರಿಗೆ ಬಂದರೆ ಸಾಕು.