ಸಾವಿಲ್ಲದ ಸಮರದ ಪಾಠ

ಯುದ್ಧದ ಕಥೆ ಕೇಳುವುದಕ್ಕೆ ರಮ್ಯವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕೇಳುವವನ ಮೈಗೆ ಗಾಯವಾಗುವುದಿಲ್ಲವೆಂಬುದೇ ಆ ರಮ್ಯತೆಯ ಮೂಲ. ಇಂದು ಗಣಕಯಂತ್ರದ ತೆರೆಯ ಮೇಲೆ ನಡೆಯುವ ವೈಮಾನಿಕ ಕಾಳಗಕ್ಕೆ ಈ ಮಾತನ್ನು ಅನ್ವಯಿಸಿ ನೋಡಿದರೆ ಅದು ಇನ್ನಷ್ಟು ನಿಜವೆನಿಸುತ್ತದೆ. ಹದಿನಾರರ ಬಾಲಕನೊಬ್ಬ ಮನೆಯ ಕುರ್ಚಿಯಲ್ಲಿ ಕುಳಿತು, ಒಂದು ಸಂಜೆಯಲ್ಲಿ ಹತ್ತು ವಿಮಾನಗಳನ್ನು ಉರುಳಿಸಿ, ತಾನೂ ಹತ್ತು ಸಲ ಸತ್ತು, ತಾಯಿ ಕರೆದೊಡನೆ ಊಟಕ್ಕೆ ಏಳುತ್ತಾನೆ. ಇದನ್ನು ಕಂಡ ಹಿರಿಯರು ಇದೆಲ್ಲ ಕಾಲಹರಣದ ಆಟವೆಂದು ತಳ್ಳಿಹಾಕುವುದು ಸಹಜ. ಆದರೆ ಇಂಥದೇ ತೆರೆಯ ಮುಂದೆ, ಆಕಾಶದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ಯುದ್ಧ ವೈಮಾನಿಕನೂ ಬಂದು ಕುಳಿತಿದ್ದಾನೆ. ನಿಜವನ್ನು ಕಂಡವನಿಗೆ ಅಣಕಿನಲ್ಲಿ ಬೇಕಾದುದೇನು? ಈ ಪ್ರಶ್ನೆ ವಿಮಾನಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಶಾಲೆಯ ಕೊಠಡಿಗೂ ಸಂಬಂಧಿಸಿದೆ.

ಹಾರಾಟವನ್ನು ನೆಲದ ಮೇಲೆಯೇ ಕಲಿಸುವ ಯಂತ್ರಗಳ ಚರಿತ್ರೆಯನ್ನು ಮೊದಲು ನೋಡಬೇಕು. ಅಮೆರಿಕದ ಬಿಂಗ್‌ಹ್ಯಾಮ್ಟನ್ ನಗರದಲ್ಲಿ ಎಡ್ವಿನ್ ಲಿಂಕ್ ಎಂಬಾತನ ತಂದೆಗೆ ಪಿಯಾನೋ ಮತ್ತು ಆರ್ಗನ್ ವಾದ್ಯಗಳನ್ನು ತಯಾರಿಸುವ ಕಾರ್ಖಾನೆಯಿತ್ತು. ನಮ್ಮ ಹಾರ್ಮೋನಿಯಂಗೆ ಇರುವಂತೆ ಆರ್ಗನ್ನಿಗೂ ತಿದಿ ಉಂಟು. ಆ ತಿದಿಗಳನ್ನೇ ಬಳಸಿ, ವಿಮಾನದಂತೆ ವಾಲುವ, ಏರುವ, ಇಳಿಯುವ ಪುಟ್ಟ ಪೆಟ್ಟಿಗೆಯೊಂದನ್ನು ಲಿಂಕ್ ೧೯೨೯ರಲ್ಲಿ ಸಿದ್ಧಪಡಿಸಿದ. ಆರಂಭದಲ್ಲಿ ಅದನ್ನು ಕೊಂಡವರು ಹೆಚ್ಚಾಗಿ ಮನರಂಜನಾ ಉದ್ಯಾನಗಳವರು. ಸೈನ್ಯದ ಕಣ್ಣು ತೆರೆದದ್ದು ಸಾವುಗಳಿಂದ. ೧೯೩೪ರಲ್ಲಿ ಅಂಚೆ ಸಾಗಿಸುವ ಹೊಣೆ ಅಮೆರಿಕದ ಸೈನ್ಯದ ವಾಯುದಳದ ಮೇಲೆ ಬಿತ್ತು. ಮಂಜು ಕವಿದ ಇರುಳಿನಲ್ಲಿ ಹೊರಗೆ ನೋಡದೆ ಉಪಕರಣಗಳನ್ನಷ್ಟೇ ನಂಬಿ ಹಾರುವ ಅಭ್ಯಾಸವಿಲ್ಲದ ತರುಣರು ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಮಡಿದರು. ಅದೇ ವರ್ಷ ಸೈನ್ಯವು ಲಿಂಕ್‌ನ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವಷ್ಟರಲ್ಲಿ ಅವು ಸಾವಿರಗಟ್ಟಲೆಯಾಗಿ ತಯಾರಾಗಿದ್ದವು. ಆಟಿಕೆಯೆಂದು ನಗೆಗೀಡಾದ ವಸ್ತು ಪ್ರಾಣ ಉಳಿಸುವ ಸಾಧನವಾಯಿತು. ನಡುವೆ ತೆತ್ತ ಬೆಲೆ ಮಾತ್ರ ತರುಣರ ಜೀವ.

ಹಾರುವುದನ್ನು ಕಲಿಸುವುದು ಒಂದು, ಕಾದುವುದನ್ನು ಕಲಿಸುವುದು ಇನ್ನೊಂದು. ವಿಯೆಟ್ನಾಂ ಯುದ್ಧಕ್ಕೆ ಮುನ್ನ, ಕ್ಷಿಪಣಿಗಳು ಬಂದ ಮೇಲೆ ಹತ್ತಿರದಿಂದ ಸುತ್ತಿ ಸುತ್ತಿ ಕಾದುವ ಕಾಲ ಮುಗಿಯಿತೆಂಬ ನಂಬಿಕೆ ಅಮೆರಿಕದಲ್ಲಿ ಬಲವಾಗಿತ್ತು. ಎಫ್-೪ ಫ್ಯಾಂಟಮ್ ವಿಮಾನದ ಆರಂಭದ ಮಾದರಿಗಳಲ್ಲಿ ಬಂದೂಕನ್ನೇ ಅಳವಡಿಸಿರಲಿಲ್ಲ. ಯುದ್ಧವು ಈ ನಂಬಿಕೆಯನ್ನು ಸುಳ್ಳಾಗಿಸಿತು. ೧೯೬೮ರಲ್ಲಿ ನೌಕಾಪಡೆಯ ಕ್ಯಾಪ್ಟನ್ ಫ್ರಾಂಕ್ ಆಲ್ಟ್ ಸಿದ್ಧಪಡಿಸಿದ ವರದಿಯು ಕ್ಷಿಪಣಿಗಳ ದೋಷಗಳ ಜೊತೆಗೆ ತರಬೇತಿಯ ಕೊರತೆಯನ್ನೂ ಎತ್ತಿ ತೋರಿಸಿತು. ಮರುವರ್ಷ ಕ್ಯಾಲಿಫೋರ್ನಿಯದ ಮಿರಮಾರ್‌ನಲ್ಲಿ ವೈಮಾನಿಕ ಕಾಳಗದ ಶಾಲೆ ತೆರೆಯಿತು. ೧೯೭೫ರಲ್ಲಿ ನೆವಾಡದ ನೆಲ್ಲಿಸ್ ನೆಲೆಯಲ್ಲಿ ವಾಯುಪಡೆಯು ‘ರೆಡ್ ಫ್ಲ್ಯಾಗ್’ ಎಂಬ ಅಣಕು ಸಮರವನ್ನು ಆರಂಭಿಸಿತು. ಅದರ ಹಿಂದಿದ್ದ ತರ್ಕ ಸರಳವಾದುದು. ಮೊದಲ ಹತ್ತು ಯುದ್ಧ ಹಾರಾಟಗಳನ್ನು ದಾಟಿ ಬದುಕಿದವನು ಮುಂದೆಯೂ ಬದುಕುವ ಸಾಧ್ಯತೆ ಬಹುವಾಗಿ ಹೆಚ್ಚುತ್ತದೆ. ಆದುದರಿಂದ ಆ ಮೊದಲ ಹತ್ತು ಹಾರಾಟಗಳನ್ನು ಸಾವಿಲ್ಲದ ಕಡೆ ಮಾಡಿಸಿಬಿಡಬೇಕು. ನಮ್ಮ ಗರಡಿಮನೆಯ ಉಸ್ತಾದರು ಇದನ್ನೇ ತಾಲೀಮು ಎನ್ನುತ್ತಾರೆ. ಜಾತ್ರೆಯ ಕಣದಲ್ಲಿ ಬೀಳುವ ಮುನ್ನ ಗರಡಿಯ ಮಟ್ಟಿಯಲ್ಲಿ ನೂರು ಸಲ ಬಿದ್ದಿರಬೇಕೆಂಬುದು ಅವರ ಮತ.

ಈ ಹಿನ್ನೆಲೆಯಿಂದ ಬಂದವನು ಪೀಟ್ ಬೊನಾನಿ. ವರ್ಜಿನಿಯಾ ರಾಜ್ಯದ ಏರ್ ನ್ಯಾಷನಲ್ ಗಾರ್ಡ್‌ನಲ್ಲಿ ಎಫ್-೧೬ ವಿಮಾನ ಹಾರಿಸಿದ ಈ ವೈಮಾನಿಕನು, ಮನೆಯ ಗಣಕಯಂತ್ರಕ್ಕೆಂದು ತಯಾರಾದ ‘ಫಾಲ್ಕನ್’ ಮಾಲಿಕೆಯ ಅನುಕರಣಗಳಿಗೆ ತನ್ನ ಜ್ಞಾನವನ್ನು ಧಾರೆಯೆರೆದ. ‘ಫಾಲ್ಕನ್ ೩.೦’ ೧೯೯೧ರಲ್ಲಿಯೂ, ಕೊರಿಯಾ ಪರ್ಯಾಯದ್ವೀಪದ ಕಲ್ಪಿತ ಯುದ್ಧವನ್ನು ಚಿತ್ರಿಸುವ ‘ಫಾಲ್ಕನ್ ೪.೦’ ೧೯೯೮ರ ಡಿಸೆಂಬರಿನಲ್ಲಿಯೂ ಹೊರಬಂದವು. ಎರಡನೆಯದರ ಜೊತೆಗೆ ಬಂದ ಕೈಪಿಡಿಯೇ ಸುಮಾರು ೬೦೦ ಪುಟಗಳದು. ಆಟವಾಡಲು ಕೊಂಡವನು ಮೊದಲು ಓದಲು ಕುಳಿತುಕೊಳ್ಳಬೇಕಾಗಿತ್ತು.

ಬೊನಾನಿಯ ಪಾಠಗಳಲ್ಲಿ ಶೌರ್ಯದ ವರ್ಣನೆಗಿಂತ ರೇಖಾಗಣಿತವೇ ಹೆಚ್ಚು. ಎದುರಾಳಿ ಬಲವಾಗಿ ತಿರುಗುವಾಗ ಅವನ ದಾರಿ ಆಕಾಶದಲ್ಲಿ ಒಂದು ವೃತ್ತವನ್ನು ಕೊರೆಯುತ್ತದೆ. ಬೆನ್ನಟ್ಟಿದವನು ಆತುರಪಟ್ಟು ಬೇಗನೆ ತಿರುಗಿದರೆ ಇಬ್ಬರೂ ಮುಖಾಮುಖಿಯಾಗಿ ಹಾದುಹೋಗುತ್ತಾರೆ. ತಡಮಾಡಿದರೆ ವೃತ್ತದಿಂದ ಹೊರಕ್ಕೆ ಜಾರಿ ತಾನೇ ಗುರಿಯಾಗುತ್ತಾನೆ. ಎದುರಾಳಿ ಎಲ್ಲಿ ತಿರುಗಲು ಆರಂಭಿಸಿದನೋ ಆ ಸ್ಥಳದತ್ತ ತಾಳ್ಮೆಯಿಂದ ಹಾರಿ, ಅಲ್ಲಿ ಸೇರಿದ ಮೇಲೆ ತಿರುಗಿದವನು ಮಾತ್ರ ಅವನ ಹಿಂದೆ ಉಳಿಯುತ್ತಾನೆ. ಕಾಯುವುದೂ ಯುದ್ಧಕೌಶಲದ ಒಂದು ಅಂಗವೆಂಬುದನ್ನು ಈ ಒಂದು ಪಾಠ ಮನದಟ್ಟು ಮಾಡಿಕೊಡುತ್ತದೆ. ಬಾಯಿಮಾತಿನಲ್ಲಿ ಹತ್ತು ಸಲ ಹೇಳಿದರೂ ನಾಟದ ಇದು ತೆರೆಯ ಮೇಲೆ ಮೂರು ಸಲ ಸೋತವನಿಗೆ ನಾಟುತ್ತದೆ. ಅನುಕರಣದ ನಿಜವಾದ ಹಿರಿಮೆ ಇಲ್ಲಿದೆ.

ಮುಂದೆ ಈ ವಿದ್ಯೆ ಇನ್ನೂ ಬೆಳೆಯಿತು. ಮಾಸ್ಕೋದಲ್ಲಿ ಹುಟ್ಟಿದ ಈಗಲ್ ಡೈನಮಿಕ್ಸ್ ಸಂಸ್ಥೆಯು ಅಮೆರಿಕದ ನ್ಯಾಷನಲ್ ಗಾರ್ಡ್‌ನ ಎ-೧೦ಸಿ ವೈಮಾನಿಕರಿಗಾಗಿ ಮೇಜಿನ ಮೇಲಿನ ತರಬೇತಿ ಸಾಧನವನ್ನು ತಯಾರಿಸಿತ್ತು. ಅದರಿಂದಲೇ ರೂಪುಗೊಂಡ ಅನುಕರಣವು ೨೦೧೧ರಲ್ಲಿ ಸಾಮಾನ್ಯರ ಕೈಗೂ ಬಂತು. ತಣ್ಣಗೆ ನಿಂತ ಎಂಜಿನನ್ನು ಚಾಲೂ ಮಾಡಲು ಅಲ್ಲಿ ಗುಂಡಿಗಳನ್ನು ಒಂದಾದ ಮೇಲೊಂದರಂತೆ ಕ್ರಮ ತಪ್ಪದೆ ಒತ್ತಬೇಕು. ನಿವೃತ್ತ ವೈಮಾನಿಕನಿಗೆ ಇದು ಪರಿಚಿತ ಮನೆ. ವರ್ಷಗಳ ಹಿಂದೆ ಬಿಟ್ಟುಬಂದ ಕೋಣೆಯಲ್ಲಿ ಕೈ ತಾನಾಗಿಯೇ ದೀಪದ ಗುಂಡಿಯನ್ನು ಹುಡುಕುವಂತೆ ಅವನ ಕೈ ಇಲ್ಲಿಯೂ ಹುಡುಕುತ್ತದೆ.

ಆದರೆ ಅವನ ದೇಹ ಮೋಸಹೋಗುವುದಿಲ್ಲ. ಎಫ್-೧೬ ವಿಮಾನವು ತೀವ್ರವಾಗಿ ತಿರುಗುವಾಗ ವೈಮಾನಿಕನ ಮೇಲೆ ಭೂಮಿಯ ಆಕರ್ಷಣೆಯ ಒಂಬತ್ತು ಪಟ್ಟು ಭಾರ ಬೀಳಬಲ್ಲುದು. ಐದು ಕಿಲೋ ತೂಗುವ ತಲೆ ಆಗ ನಲವತ್ತೈದು ಕಿಲೋ ತೂಗುತ್ತದೆ. ರಕ್ತ ಕಾಲಿನತ್ತ ಇಳಿಯುತ್ತದೆ. ದೃಷ್ಟಿಯ ಅಂಚುಗಳು ಕಪ್ಪಾಗುತ್ತವೆ. ಹೊಟ್ಟೆ ತೊಡೆಗಳ ಸ್ನಾಯುಗಳನ್ನು ಬಿಗಿದು ಉಸಿರು ಹಿಡಿಯದಿದ್ದರೆ ಪ್ರಜ್ಞೆ ತಪ್ಪುತ್ತದೆ. ಈ ಸ್ಥಿತಿಯಲ್ಲಿಯೇ ಕತ್ತು ತಿರುಗಿಸಿ ಹಿಂದಿನ ಶತ್ರುವನ್ನು ನೋಡಬೇಕು. ತೆರೆಯ ಮೇಲೆ ಅಂಚು ಕಪ್ಪಾಗುವಂತೆ ಮಾಡಬಹುದು. ಆದರೆ ಕುಳಿತವನ ಕತ್ತು ನೋಯುವುದಿಲ್ಲ, ಬೆವರು ಇಳಿಯುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಅಲ್ಲಿ ಭಯವಿಲ್ಲ. ಭಯವಿಲ್ಲದ ಕಡೆ ಧೈರ್ಯಕ್ಕೂ ಅರ್ಥವಿಲ್ಲ.

ಈ ಕೊರತೆ ಎಂಥದೆಂಬುದನ್ನು ೨೦೨೦ರ ಆಗಸ್ಟಿನ ಒಂದು ಪ್ರಸಂಗ ಸ್ಪಷ್ಟಪಡಿಸಿತು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಾರ್ಪಾ ಏರ್ಪಡಿಸಿದ ಸ್ಪರ್ಧೆಯಲ್ಲಿ, ಹೆರಾನ್ ಸಿಸ್ಟಮ್ಸ್ ಎಂಬ ಸಂಸ್ಥೆಯ ಕೃತಕ ಬುದ್ಧಿಯು ನುರಿತ ಎಫ್-೧೬ ವೈಮಾನಿಕನೊಬ್ಬನನ್ನು ಅನುಕರಣದ ಆಕಾಶದಲ್ಲಿ ಐದಕ್ಕೆ ಐದೂ ಸುತ್ತುಗಳಲ್ಲಿ ಸೋಲಿಸಿತು. ಪತ್ರಿಕೆಗಳು ಬೆರಗಾದವು. ಆದರೆ ಆ ಗೆಲುವಿನ ಬಗೆಯನ್ನು ಗಮನಿಸಬೇಕು. ಯಂತ್ರವು ಎದುರಾಳಿಯ ಮೇಲೆ ನೇರವಾಗಿ ಮುಖಾಮುಖಿ ನುಗ್ಗಿ ಗುಂಡು ಹಾರಿಸುತ್ತಿತ್ತು. ಡಿಕ್ಕಿಯ ಅಪಾಯದಿಂದಾಗಿ ಮಾನವ ವೈಮಾನಿಕರ ತರಬೇತಿಯಲ್ಲಿ ಇಂಥ ದಾಳಿ ನಿಷಿದ್ಧ. ವಿಮಾನಗಳ ನಡುವೆ ಕನಿಷ್ಠ ೫೦೦ ಅಡಿ ಅಂತರ ಇರಲೇಬೇಕೆಂಬುದು ಅಲ್ಲಿಯ ನಿಯಮ. ಅದಲ್ಲದೆ ಎದುರಾಳಿ ಎಲ್ಲಿದ್ದಾನೆಂಬ ಪೂರ್ಣ ಮಾಹಿತಿಯೂ ಯಂತ್ರಕ್ಕೆ ಇತ್ತು. ಸಾಯಲಾರದವನಿಗೆ ಸಾವಿನ ಅಂಜಿಕೆ ಎಲ್ಲಿಂದ ಬರಬೇಕು? ೨೦೨೩ರಲ್ಲಿ ಎಡ್ವರ್ಡ್ಸ್ ನೆಲೆಯಲ್ಲಿ ಕೃತಕ ಬುದ್ಧಿಯು ಎಕ್ಸ್-೬೨ ಎಂಬ ನಿಜವಾದ ವಿಮಾನವನ್ನು ಮಾನವ ಚಾಲಿತ ಎಫ್-೧೬ರ ಎದುರು ಹಾರಿಸಿದಾಗ, ಸುರಕ್ಷತೆಯ ನಿಯಮಗಳನ್ನು ಅದಕ್ಕೆ ಕಲಿಸಬೇಕಾಯಿತು. ಒಳಗೆ ಮಾನವ ವೈಮಾನಿಕರೂ ಕುಳಿತಿರಬೇಕಾಯಿತು.

ಹಾಗಾದರೆ ಅನುಕರಣವು ಎಷ್ಟರಮಟ್ಟಿಗೆ ನಿಜ? ಚಿತ್ರದ ಸೊಗಸು, ಮೋಡಗಳ ಮೃದುತ್ವ, ಎಂಜಿನ್ನಿನ ಗರ್ಜನೆ ಇವುಗಳಿಂದ ಅದನ್ನು ಅಳೆಯುವುದು ತಪ್ಪು. ಅಳತೆಗೋಲು ಬೇರೊಂದಿದೆ. ಯುದ್ಧ ವೈಮಾನಿಕರಲ್ಲಿ ಒಂದು ಹಳೆಯ ಹಾಸ್ಯವುಂಟು: ಹಾರಾಟ ಮುಗಿದ ಮೇಲೆ ಕಪ್ಪುಹಲಗೆಯ ಬಳಿಗೆ ಯಾರು ಮೊದಲು ಓಡುತ್ತಾರೋ ಅವರೇ ಗೆದ್ದವರು. ಸುಣ್ಣದ ಕಡ್ಡಿ ಹಿಡಿದವನು ಬರೆದದ್ದೇ ಚರಿತ್ರೆಯಾಗುತ್ತಿತ್ತು. ೧೯೭೦ರ ದಶಕದಲ್ಲಿ ಪ್ರತಿ ವಿಮಾನದ ಚಲನೆಯನ್ನೂ ದಾಖಲಿಸಿ ತೋರಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂದಾಗ ಈ ಹಾಸ್ಯ ಕೊನೆಗೊಂಡಿತು. ಯಾರು ಎಲ್ಲಿ ತಪ್ಪಿದರು, ಯಾವ ಗುಂಡು ಗುರಿ ಮುಟ್ಟಲಿಲ್ಲ ಎಂಬುದನ್ನು ಮರೆಮಾಚುವುದು ಅಸಾಧ್ಯವಾಯಿತು. ‘ಫಾಲ್ಕನ್ ೪.೦’ರಲ್ಲಿಯೂ ಅದೇ ಬಗೆಯ ದಾಖಲೆಯ ಸಾಧನವಿತ್ತು. ಆಡುವ ಬಾಲಕರಲ್ಲಿ ಹೆಚ್ಚಿನವರು ಅದನ್ನು ಗಮನಿಸದೆ ಮುಂದಿನ ಕಾಳಗಕ್ಕೆ ಧಾವಿಸುತ್ತಾರೆ. ವೈಮಾನಿಕನಾದವನ ಕೈ ಮೊದಲು ಅದರತ್ತಲೇ ಹೋಗುತ್ತದೆ. ಏಕೆಂದರೆ ಯುದ್ಧ ವಿಮಾನ ದಳಗಳಲ್ಲಿ ಒಂದು ಗಂಟೆಯ ಹಾರಾಟದ ವಿಮರ್ಶೆ ಹಲವು ಗಂಟೆ ನಡೆಯುವುದುಂಟು. ಆ ಕೋಣೆಯ ಬಾಗಿಲಲ್ಲಿಯೇ ಪದವಿಯನ್ನು ಬಿಟ್ಟು ಒಳಗೆ ಹೋಗಬೇಕೆಂಬುದು ಅಲ್ಲಿಯ ಶಿಸ್ತು. ಕಿರಿಯನು ಹಿರಿಯನ ತಪ್ಪನ್ನು ತೋರಿಸಬಹುದು. ಹಿರಿಯನು ಅದನ್ನು ಒಪ್ಪಬೇಕು. ಸಾವಿಲ್ಲದ ಸಮರದಿಂದ ಕಲಿಯಬಹುದಾದ ಅತಿ ದೊಡ್ಡ ಪಾಠ ಇದೇ.

ತರಬೇತಿಯ ಒಂದು ಮೆಟ್ಟಿಲು ತಪ್ಪಿದರೆ ಏನಾಗುತ್ತದೆಂಬುದನ್ನು ಅರಿಯಲು ಅಮೆರಿಕಕ್ಕೇ ಹೋಗಬೇಕಾಗಿಲ್ಲ. ನಿಧಾನಗತಿಯ ತರಬೇತಿ ವಿಮಾನಗಳಿಂದ ಇಳಿದ ನಮ್ಮ ತರುಣರು, ಗಂಟೆಗೆ ೩೦೦ ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನೆಲ ಮುಟ್ಟುವ ಮಿಗ್-೨೧ ವಿಮಾನಕ್ಕೆ ಏರಬೇಕಾಗುತ್ತಿತ್ತು. ನಡುವೆ ಒಂದು ಮುಂದುವರಿದ ಜೆಟ್ ತರಬೇತಿ ವಿಮಾನ ಅಗತ್ಯವೆಂದು ೧೯೮೨ರಲ್ಲಿಯೇ ಲಾ ಫಾಂಟೇನ್ ಸಮಿತಿ ಹೇಳಿತ್ತು. ಹಾಕ್ ವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು ೨೦೦೪ರಲ್ಲಿ. ಅವು ಬೀದರಿನ ವಾಯುನೆಲೆಗೆ ಸೇರ್ಪಡೆಯಾದದ್ದು ೨೦೦೮ರಲ್ಲಿ. ಆ ಕಾಲು ಶತಮಾನದ ವಿಳಂಬದಲ್ಲಿ ಮಿಗ್-೨೧ ಅಪಘಾತಗಳಲ್ಲಿ ಮಡಿದ ತರುಣರ ಮನೆಗಳನ್ನು ನೆನೆದಾಗ, ತರಬೇತಿಗೆ ಮಾಡುವ ವೆಚ್ಚ ದುಬಾರಿಯೆಂಬ ಮಾತು ನಾಲಗೆಯ ಮೇಲೆ ನಿಲ್ಲುವುದಿಲ್ಲ. ೨೦೨೫ರ ಸೆಪ್ಟೆಂಬರಿನಲ್ಲಿ ಚಂಡೀಗಢದಲ್ಲಿ ಮಿಗ್-೨೧ಕ್ಕೆ ವಿದಾಯ ಹೇಳಲಾಯಿತು. ಇತ್ತ ಬೆಂಗಳೂರಿನಲ್ಲಿ, ೨೦೦೧ರ ಜನವರಿ ೪ರಂದು ನಮ್ಮ ತೇಜಸ್ ಮೊದಲ ಬಾರಿಗೆ ಏರುವುದಕ್ಕೆ ಮುನ್ನ, ಅದರ ಪರೀಕ್ಷಾ ವೈಮಾನಿಕರು ನೆಲದ ಮೇಲಿನ ಅನುಕರಣ ಯಂತ್ರದಲ್ಲಿ ಮತ್ತೆ ಮತ್ತೆ ‘ಹಾರಿದ್ದರು’ ಎಂಬುದೂ ಸ್ಮರಣೀಯ.

ಯುದ್ಧವನ್ನು ಹೀಗೆ ಆಟವಾಗಿಸಿದರೆ ಎಳೆಯರ ಮನಸ್ಸು ಕಲ್ಲಾಗುವುದಿಲ್ಲವೇ ಎಂಬ ಆಕ್ಷೇಪವೊಂದುಂಟು. ಅದನ್ನು ಹಗುರವಾಗಿ ಕಾಣುವಂತಿಲ್ಲ. ಉರುಳಿಬಿದ್ದ ವಿಮಾನದಲ್ಲಿಯೂ ಒಬ್ಬ ತಾಯಿಯ ಮಗನಿದ್ದನೆಂಬುದನ್ನು ಯಾವ ತೆರೆಯೂ ಹೇಳುವುದಿಲ್ಲ. ಕಠಿಣವಾದ, ಪ್ರಾಮಾಣಿಕವಾದ ಅನುಕರಣವು ಇಂಧನ ತೀರುವುದನ್ನೂ, ಗುರಿ ತಪ್ಪುವುದನ್ನೂ, ಜಯದ ದುರ್ಲಭತೆಯನ್ನೂ ತೋರಿಸಿ ಅಹಂಕಾರವನ್ನು ಸ್ವಲ್ಪಮಟ್ಟಿಗೆ ಇಳಿಸೀತು. ಉಳಿದದ್ದನ್ನು ಹೇಳಬೇಕಾದವನು ಪಕ್ಕದಲ್ಲಿ ಕುಳಿತ ಮನುಷ್ಯನೇ. ನಿಜವಾಗಿ ಹಾರಿ ಬಂದವನ ಮಾತಿಗೆ ಬೆಲೆಯಿರುವುದು ಅದಕ್ಕಾಗಿ. ತೆರೆಯಲ್ಲಿ ಏನಿದೆ ಎಂಬುದನ್ನು ಯಾರು ಬೇಕಾದರೂ ಹೇಳಿಯಾರು. ಏನಿಲ್ಲ ಎಂಬುದನ್ನು ಅವನೊಬ್ಬನೇ ಹೇಳಬಲ್ಲ.

ಇದು ನಮ್ಮ ಶಾಲೆಗಳಿಗೂ ಸಲ್ಲುವ ಮಾತು. ಇಂದು ದಾನಿಗಳು ಉದಾರ ಮನಸ್ಸಿನಿಂದ ಗಣಕಯಂತ್ರಗಳನ್ನು ಕೊಡಿಸುತ್ತಿದ್ದಾರೆ. ರಸಾಯನಶಾಸ್ತ್ರದ ಪ್ರಯೋಗ, ಹೃದಯದ ಬಡಿತ, ಗ್ರಹಗಳ ಚಲನೆ ಎಲ್ಲವನ್ನೂ ತೆರೆಯ ಮೇಲೆ ತೋರಿಸುವ ಅನುಕೂಲ ಒದಗಿದೆ. ಇದು ಸ್ವಾಗತಾರ್ಹ. ಆದರೆ ಮೂವತ್ತು ಯಂತ್ರಗಳಿದ್ದು, ಪಾಠವಾದ ಮೇಲೆ ಎಲ್ಲಿ ತಪ್ಪಿದೆವೆಂದು ಕೂಡಿ ಕುಳಿತು ಯೋಚಿಸುವ ಹೊತ್ತು ಇಲ್ಲದ ಕೊಠಡಿ, ಲಿಂಕ್‌ನ ಪೆಟ್ಟಿಗೆಯಿದ್ದ ಮನರಂಜನಾ ಉದ್ಯಾನಕ್ಕಿಂತ ಹೆಚ್ಚಿನದಾಗದು. ಯಂತ್ರದ ಪಾಠ ಅರ್ಧ ಗಂಟೆಯಾದರೆ, ಕಪ್ಪುಹಲಗೆಯ ಮುಂದಿನ ವಿಮರ್ಶೆಗೂ ಅಷ್ಟೇ ಹೊತ್ತನ್ನು ವೇಳಾಪಟ್ಟಿಯಲ್ಲಿಯೇ ಮೀಸಲಿಡಬೇಕು. ಅಲ್ಲಿ ಮೊದಲು ತನ್ನ ತಪ್ಪನ್ನು ಹೇಳುವವರು ಗುರುಗಳೇ ಆದರೆ ವಿದ್ಯಾರ್ಥಿಯ ನಾಲಗೆಯ ಅಂಜಿಕೆ ತಾನಾಗಿ ಬಿಡುತ್ತದೆ. ದೇಶ ಕಾದವರೂ, ಯಂತ್ರ ನಡೆಸಿದವರೂ, ಹೊಲ ಉತ್ತವರೂ ಹಳೆಯ ವಿದ್ಯಾರ್ಥಿಗಳಲ್ಲಿ ಇದ್ದಾರೆ. ವರ್ಷಕ್ಕೊಂದು ದಿನ ಅವರು ಬಂದು ಆ ತೆರೆಗಳ ಪಕ್ಕದಲ್ಲಿ ಮಕ್ಕಳ ಜೊತೆ ಕುಳಿತರೆ, ಯಂತ್ರ ಹೇಳದೆ ಬಿಟ್ಟದ್ದನ್ನು ಅವರು ಹೇಳಬಲ್ಲರು.

ತಪ್ಪಿದರೂ ಸಾಯದಿರುವ ಅವಕಾಶ ಬದುಕಿನಲ್ಲಿ ಬಹಳ ಕಡೆ ಸಿಗುವುದಿಲ್ಲ. ವೈಮಾನಿಕನಿಗೆ ಅದು ಅನುಕರಣ ಯಂತ್ರದಲ್ಲಿ ಸಿಗುತ್ತದೆ. ಮಕ್ಕಳಿಗೆ ಅದು ಶಾಲೆಯಲ್ಲಿ ಸಿಗಬೇಕು.